ಡೌಟ್‌ಫುಲ್ ಸೌಂಡ್ ಬೋಟ್ ಪ್ರವಾಸ: ಫೋಟೋ ಒಂದೂ ಚೆನ್ನಾಗಿ ಬರಲಿಲ್ಲ, ಆದರೂ ನಾಲ್ಕು ಸ್ಟಾರ್

ಮೊದಲೇ ಹೇಳಿಬಿಡುತ್ತೇನೆ. ನ್ಯೂಜಿಲೆಂಡ್‌ನ ಈ ಬೋಟ್ ಪ್ರವಾಸದಲ್ಲಿ ನಾನು ತೆಗೆದ ಇನ್ನೂರು ಚಿಲ್ಲರೆ ಫೋಟೋಗಳಲ್ಲಿ ಗೋಡೆಗೆ ಹಾಕುವಂಥದ್ದು ಒಂದೂ ಇಲ್ಲ. ಎಲ್ಲದರಲ್ಲೂ ಬೂದು ಆಕಾಶ, ಬೂದು ನೀರು, ಮಧ್ಯೆ ಕಪ್ಪಗೆ ಏನೋ ಒಂದು ಬೆಟ್ಟ. ಎಷ್ಟೋ ಫೋಟೋಗಳಲ್ಲಿ ಲೆನ್ಸ್ ಮೇಲೆ ಕೂತ ಮಳೆಹನಿಯೇ ಹೀರೋ. ಅದೇ ಎರಡು ದಿನ ಮೊದಲು ಮಿಲ್ಫರ್ಡ್ ಸೌಂಡ್‌ನಲ್ಲಿ ತೆಗೆದ ಫೋಟೋ ನೋಡಿದರೆ ಕ್ಯಾಲೆಂಡರಿಗೆ ಕೊಡಬಹುದು, ಹಾಗಿದೆ. ಆದರೂ ಯಾರಾದರೂ ‘ಒಂದೇ ದಿನ ಇದೆ, ಎರಡರಲ್ಲಿ ಯಾವುದಕ್ಕೆ ಹೋಗಲಿ’ ಎಂದು ಕೇಳಿದರೆ ನಾನು ಹೇಳುವುದು ಡೌಟ್‌ಫುಲ್ ಸೌಂಡ್. ಯಾಕೆ ಅಂತ ಬರೆಯೋಣ ಎಂದು ಕೂತೆ, ಉದ್ದ ಆಯಿತು, ಸಹಿಸಿಕೊಳ್ಳಿ.

ನಾವು ಇರುವುದು ಕ್ರೈಸ್ಟ್‌ಚರ್ಚ್‌ನಲ್ಲಿ. ಅಪ್ಪ ಅಮ್ಮ ಮೂರು ತಿಂಗಳಿಗೆಂದು ಬಂದಿದ್ದರು. ನ್ಯೂಜಿಲೆಂಡ್‌ಗೆ ಬಂದವರನ್ನು ಫಿಯೋರ್ಡ್ ತೋರಿಸದೆ ಕಳಿಸಿದರೆ ಆಮೇಲೆ ನಮಗೇ ಬೇಜಾರು, ಅಲ್ವಾ. ಫಿಯೋರ್ಡ್ ಅಂದರೆ ಹಿಂದೆ ಯಾವಾಗಲೋ ಹಿಮನದಿ ಕೊರೆದು ಬಿಟ್ಟುಹೋದ ಆಳವಾದ ಕಣಿವೆ, ಅದರೊಳಗೆ ಆಮೇಲೆ ಸಮುದ್ರ ನುಗ್ಗಿದ್ದು. ಹೆಸರಿನಲ್ಲಿ ಮಾತ್ರ ‘ಸೌಂಡ್’ ಎಂದು ಉಳಿದುಕೊಂಡಿದೆ. ಸೌಂಡ್ ಎಂದರೆ ನದಿ ಕೊರೆದ ಕಣಿವೆಗೆ ಸಮುದ್ರ ಬಂದದ್ದು. ಹಾಗಾಗಿ ಮಿಲ್ಫರ್ಡೂ ಸೌಂಡ್ ಅಲ್ಲ, ಡೌಟ್‌ಫುಲ್ಲೂ ಸೌಂಡ್ ಅಲ್ಲ, ಎರಡೂ ಫಿಯೋರ್ಡೇ. ಹೆಸರಿಟ್ಟವರಿಗೆ ಗೊತ್ತಿರಲಿಲ್ಲ, ಆಮೇಲೆ ಬದಲಾಯಿಸುವ ಗೋಜಿಗೆ ಯಾರೂ ಹೋಗಲಿಲ್ಲ.

‘ಡೌಟ್‌ಫುಲ್’ ಎಂಬ ಹೆಸರಿಗೂ ಒಂದು ಕಥೆ ಇದೆ. 1770ರಲ್ಲಿ ಕ್ಯಾಪ್ಟನ್ ಜೇಮ್ಸ್ ಕುಕ್ ಹಡಗಿನಲ್ಲಿ ಈ ಬಾಯಿಯ ಮುಂದೆ ಹಾದುಹೋದ. ಒಳಗೆ ಹೋಗಬಹುದೇನೋ, ಆದರೆ ಈ ಗಾಳಿಯಲ್ಲಿ ಹಾಯಿ ಹಡಗು ವಾಪಸ್ ಹೊರಗೆ ಬರುತ್ತದೋ ಇಲ್ಲವೋ ಎಂದು ಅನುಮಾನಪಟ್ಟು, ಡೌಟ್‌ಫುಲ್ ಹಾರ್ಬರ್ ಎಂದು ಬರೆದುಕೊಂಡು ಮುಂದೆ ಹೋಗಿಬಿಟ್ಟ. ಅಪ್ಪನಿಗೆ ಇದು ಬಹಳ ಇಷ್ಟವಾಯಿತು. ‘ಅನುಮಾನ ಬಂದ್ರೆ ಒಳಗೆ ಹೋಗಬಾರದು, ಸರಿಯಾಗೇ ಮಾಡಿದ್ದಾನೆ’ ಎಂದರು.

ಅಪ್ಪನ ಬಗ್ಗೆ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅವರು ಮಲೆನಾಡಿನ ಒಂದು ಪವರ್ ಹೌಸಿನಲ್ಲಿ ಮೂವತ್ತು ವರ್ಷಕ್ಕೂ ಜಾಸ್ತಿ ದುಡಿದವರು. ನೀರು, ಟರ್ಬೈನ್, ಶಿಫ್ಟ್, ಇಷ್ಟೇ ಅವರ ಲೋಕ. ಜಲಪಾತ ತೋರಿಸಿದರೆ ‘ಎಷ್ಟು ಎತ್ತರ, ಎಷ್ಟು ನೀರು’ ಎಂದು ಮನಸ್ಸಿನಲ್ಲೇ ಗುಣಿಸುವ ಮನುಷ್ಯ. ಮಿಲ್ಫರ್ಡ್‌ನಲ್ಲಿ ಸ್ಟರ್ಲಿಂಗ್ ಫಾಲ್ಸ್‌ನ ಬುಡಕ್ಕೇ ಬೋಟ್ ತೆಗೆದುಕೊಂಡು ಹೋಗುತ್ತಾರೆ, 150 ಮೀಟರ್ ಮೇಲಿಂದ ಬೀಳುವ ನೀರಿನಲ್ಲಿ ಎಲ್ಲರೂ ನೆಂದು ಕಿರುಚುತ್ತಾರೆ. ಅಪ್ಪ ಮಾತ್ರ ಕನ್ನಡಕ ಒರೆಸಿಕೊಂಡು ‘ಪೂರಾ ವೇಸ್ಟು’ ಎಂದರು.

ಅಮ್ಮ ಮಿಲ್ಫರ್ಡ್ ಬೋಟಿನಲ್ಲೇ ಸಾಕಾಗಿ ‘ಇನ್ನೊಂದು ಬೋಟ್ ಹತ್ತಿಸಿದರೆ ನೋಡಿ’ ಎಂದು ಎಚ್ಚರಿಕೆ ಕೊಟ್ಟಿದ್ದರಿಂದ ಟೆ ಅನೌ ಊರಿನ ಮೋಟೆಲ್‌ನಲ್ಲೇ ಉಳಿದಳು. ಹೋಗಿದ್ದು ನಾನು ಮತ್ತು ಅಪ್ಪ, ಏಪ್ರಿಲ್ ತಿಂಗಳು, ಬೆಳಿಗ್ಗೆಯಿಂದಲೇ ಮೋಡ.

ಬುಕಿಂಗ್ ಬಗ್ಗೆ ಮೊದಲು ದೂರು ಹೇಳಿ ಮುಗಿಸುತ್ತೇನೆ. ಕಂಪನಿ ಹೆಸರು ಬೇಡ, ಒಟ್ಟಿನಲ್ಲಿ ಕೆಟ್ಟವರಲ್ಲ. ಆದರೆ ಹಿಂದಿನ ರಾತ್ರಿ ಒಂಬತ್ತೂವರೆ ಆದ ಮೇಲೆ ಒಂದು ಇಮೇಲ್ ಕಳಿಸಿ, ನಾಳೆ ಅರ್ಧ ಗಂಟೆ ಮೊದಲೇ ಬನ್ನಿ ಎಂದರು. ಫೋನ್ ಇಲ್ಲ, ಮೆಸೇಜ್ ಇಲ್ಲ. ನಾವು ಟೆ ಅನೌದಲ್ಲೇ ಇದ್ದೆವು, ಅಲ್ಲಿಂದ ಮನಪೌರಿ ಹಳ್ಳಿಗೆ 20 ಕಿಲೋಮೀಟರ್, ಇಪ್ಪತ್ತು ನಿಮಿಷದ ದಾರಿ, ಹಾಗಾಗಿ ಬಚಾವ್. ಕ್ವೀನ್ಸ್‌ಟೌನ್‌ನಿಂದ ಎರಡು ಗಂಟೆಗೂ ಜಾಸ್ತಿ ಕಾರು ಓಡಿಸಿಕೊಂಡು ಬರುವವರು ಮಲಗಿಬಿಟ್ಟಿದ್ದರೆ? ನಮ್ಮ ಮುಂದಿನ ಸಾಲಿನಲ್ಲೇ ಒಂದು ಸಂಸಾರ ಹಾಗೇ ಓಡಿ ಬಂತು, ಪಾಪ, ತಿಂಡಿ ಕೂಡ ತಿಂದಿರಲಿಲ್ಲ. ಆದ್ದರಿಂದ ಹಿಂದಿನ ರಾತ್ರಿ ಟೆ ಅನೌದಲ್ಲೋ ಮನಪೌರಿಯಲ್ಲೋ ಉಳಿದುಕೊಳ್ಳಿ. ಟಿಕೆಟ್ ಅಗ್ಗವಲ್ಲ, ತಲೆಗೆ ಇನ್ನೂರು ನ್ಯೂಜಿಲೆಂಡ್ ಡಾಲರ್ ದಾಟುತ್ತದೆ, ಮಿಲ್ಫರ್ಡ್ ಬೋಟಿಗೆ ಹೋಲಿಸಿದರೆ ಬಹಳ ಜಾಸ್ತಿ. ಅಷ್ಟು ದುಡ್ಡು ತೆಗೆದುಕೊಳ್ಳುವವರು ಒಂದು ಮೆಸೇಜ್ ಹಾಕಬಹುದಿತ್ತು.

ದುಡ್ಡು ಯಾಕೆ ಜಾಸ್ತಿ ಎನ್ನುವುದು ಮಾತ್ರ ಹೋದ ಮೇಲೆ ಗೊತ್ತಾಗುತ್ತದೆ. ಇದು ಒಂದು ಬೋಟ್ ಪ್ರವಾಸ ಅಲ್ಲ, ಒಂದು ಬೋಟ್, ಒಂದು ಬಸ್, ಇನ್ನೊಂದು ಬೋಟ್, ಮತ್ತೆ ಅದೇ ಬಸ್, ಮತ್ತೆ ಮೊದಲಿನ ಬೋಟ್. ಸುಮಾರು ಏಳು ಗಂಟೆ. ಮಿಲ್ಫರ್ಡ್‌ಗೆ ಟೆ ಅನೌದಿಂದ 120 ಕಿಲೋಮೀಟರ್ ಹತ್ತಿರ ರಸ್ತೆ ಇದೆ, ಹೋಮರ್ ಸುರಂಗ ದಾಟಿ ಕಾರಿನಲ್ಲೇ ನೀರಿನ ದಂಡೆಗೆ ಹೋಗಬಹುದು. ಡೌಟ್‌ಫುಲ್‌ಗೆ ಹಾಗೆ ಹೋಗಲು ಆಗುವುದಿಲ್ಲ. ಮಧ್ಯೆ ಮನಪೌರಿ ಸರೋವರ ಅಡ್ಡ ಇದೆ, ಅದನ್ನು ದಾಟಿದರೆ ಬೆಟ್ಟ ಅಡ್ಡ ಇದೆ. ಬೆಟ್ಟದ ಮೇಲೆ 22 ಕಿಲೋಮೀಟರ್ ಮಣ್ಣಿನ ರಸ್ತೆ ಇದೆ ನಿಜ, ಆದರೆ ಆ ರಸ್ತೆ ದೇಶದ ಬೇರೆ ಯಾವ ರಸ್ತೆಗೂ ಸೇರುವುದಿಲ್ಲ. ಒಂದು ತುದಿ ಸರೋವರ, ಇನ್ನೊಂದು ತುದಿ ಸಮುದ್ರ. ಅಲ್ಲಿ ಓಡುವ ಬಸ್ಸುಗಳೇ ದೋಣಿಯಲ್ಲಿ ಬಂದವು.

ಮನಪೌರಿಯಲ್ಲಿ ಬೋಟ್ ಹೊರಡುವ ಜಾಗಕ್ಕೆ ಪರ್ಲ್ ಹಾರ್ಬರ್ ಎಂದು ಹೆಸರು. ಹೆಸರು ಕೇಳಿ ದೊಡ್ಡ ಬಂದರು ಅಂದುಕೊಳ್ಳಬೇಡಿ, ನದಿಯ ಮೂಲೆಯಲ್ಲಿ ಒಂದು ಸಣ್ಣ ಕಟ್ಟೆ, ಅಷ್ಟೇ. ಸರೋವರ ದಾಟಲು ಮುಕ್ಕಾಲು ಗಂಟೆಯ ಮೇಲೆ. ಬೋಟಿನ ಒಳಗೆ ಬೆಚ್ಚಗಿತ್ತು, ಕಿಟಕಿಗಳಲ್ಲಿ ಆವಿ ಕಟ್ಟಿ ಹೊರಗೆ ಏನೂ ಕಾಣುತ್ತಿರಲಿಲ್ಲ, ಎಲ್ಲರೂ ತೋಳಿನಿಂದ ಗಾಜು ಒರೆಸುವುದೇ ಕೆಲಸ. ಗೈಡ್ ಹುಡುಗಿ ಮೈಕ್ ಹಿಡಿದು ಉಸಿರಾಡದೆ ಮಾತಾಡಿದಳು. ಸರೋವರದ ಆಳ 444 ಮೀಟರ್, 34 ದ್ವೀಪ, ಹೀಗೆ ಒಂದೇ ಸಮನೆ. ಮಾಹಿತಿ ತಪ್ಪೇನಿಲ್ಲ, ಆದರೆ ಪರೀಕ್ಷೆಗೆ ಓದಿಕೊಂಡು ಬಂದವಳ ಹಾಗೆ ಒಪ್ಪಿಸಿದಳು. ಈ ಭಾಗಕ್ಕೆ ನಾನು ಎರಡೇ ಸ್ಟಾರ್ ಕೊಡುವುದು.

ಒಂದು ವಿಷಯ ಮಾತ್ರ ಅವಳು ಬೇಗ ಹೇಳಿ ದಾಟಿಬಿಟ್ಟಳು, ಅದು ಅಪ್ಪನಿಗೆ ಬೇಕಾದ ವಿಷಯ. ಸರೋವರದ ಆ ತುದಿಯಲ್ಲಿ, ವೆಸ್ಟ್ ಆರ್ಮ್ ಎಂಬಲ್ಲಿ, ಮನಪೌರಿ ಪವರ್ ಸ್ಟೇಷನ್ ಇದೆ. ನ್ಯೂಜಿಲೆಂಡ್‌ನ ಅತಿ ದೊಡ್ಡ ಜಲವಿದ್ಯುತ್ ಕೇಂದ್ರ. ಮೇಲೆ ನೋಡಿದರೆ ನೀರು ಒಳಗೆ ಹೋಗುವ ಬಾಯಿ, ಒಂದಿಷ್ಟು ಕಂಬ, ತಂತಿ. ಉಳಿದದ್ದೆಲ್ಲ ಗ್ರಾನೈಟ್ ಬಂಡೆ ಒಳಗೆ, ಸುಮಾರು 200 ಮೀಟರ್ ಕೆಳಗೆ. ಏಳು ಯಂತ್ರಗಳು ಅಲ್ಲಿ ತಿರುಗುತ್ತಿವೆ. ಸರೋವರ ಸಮುದ್ರಕ್ಕಿಂತ 178 ಮೀಟರ್ ಎತ್ತರದಲ್ಲಿದೆ, ಆ ಎತ್ತರವನ್ನೇ ಬಳಸಿಕೊಂಡು ನೀರನ್ನು ಕೆಳಗೆ ಬೀಳಿಸಿ, ಆಮೇಲೆ ಬೆಟ್ಟದ ಅಡಿಯಲ್ಲಿ ಹತ್ತು ಕಿಲೋಮೀಟರ್ ಸುರಂಗದಲ್ಲಿ ಹರಿಸಿ, ನೇರವಾಗಿ ಡೌಟ್‌ಫುಲ್ ಸೌಂಡ್‌ಗೆ ಬಿಡುತ್ತಾರೆ. ಅಂದರೆ ನಾವು ಬಸ್ಸಿನಲ್ಲಿ ಬೆಟ್ಟದ ಮೇಲೆ ಹೋಗುವಾಗ ನಮ್ಮ ಕೆಳಗೆ ನೀರೂ ಅಲ್ಲಿಗೇ ಹೊರಟಿರುತ್ತದೆ. ಮೊದಲು ಪ್ರವಾಸಿಗಳನ್ನು ವಾಹನ ಹೋಗುವ ಬೇರೊಂದು ಸುರಂಗದಲ್ಲಿ ಬಸ್ಸಿನಲ್ಲೇ ಕೆಳಗೆ ಕರೆದುಕೊಂಡು ಹೋಗಿ ಯಂತ್ರ ತೋರಿಸುತ್ತಿದ್ದರು. ನಾವು ಹೋದಾಗ ಅದು ಇರಲಿಲ್ಲ. ಹಳೆಯ ಬರಹ ಓದಿಕೊಂಡು ಆಸೆಯಿಂದ ಬಂದಿದ್ದ ಅಪ್ಪ ಗೇಟಿನ ಕಡೆ ಒಂದು ಸಲ ನೋಡಿ ಸುಮ್ಮನಾದರು. ಅವರ ಮುಖ ನೋಡಿ ನನಗೆ, ಛೆ, ದುಡ್ಡು ದಂಡ ಆಯಿತೇನೋ ಅನಿಸಿತು.

ದಿನವನ್ನು ಉಳಿಸಿದ್ದು ಬಸ್ ಡ್ರೈವರ್.

ಐವತ್ತು ದಾಟಿದ ಮನುಷ್ಯ, ಒಂದು ಕೈ ಸ್ಟೀರಿಂಗ್ ಮೇಲೆ, ತಲೆಗೆ ಸಿಕ್ಕಿಸಿದ ಮೈಕ್. ಗೈಡ್ ಹುಡುಗಿ ಹಿಂದೆ ಕೂತು ವಿಶ್ರಾಂತಿ ತೆಗೆದುಕೊಂಡಳು, ಇವನು ಮಾತು ಶುರು ಮಾಡಿದ. ನಿಧಾನ, ಮಧ್ಯೆ ಮಧ್ಯೆ ನಿಲ್ಲಿಸಿ, ತಿರುವು ಬಂದಾಗ ಬಾಯಿ ಮುಚ್ಚಿಕೊಂಡು. ಈ ರಸ್ತೆ 1960ರ ದಶಕದಲ್ಲಿ ಪವರ್ ಸ್ಟೇಷನ್‌ಗೆ ಭಾರಿ ಸಾಮಾನು ಸಾಗಿಸಲೆಂದೇ ಕಡಿದದ್ದು. ಹಡಗಿನಲ್ಲಿ ಸಮುದ್ರದ ಕಡೆಯಿಂದ ಡೌಟ್‌ಫುಲ್‌ನ ಒಳತುದಿಯ ಡೀಪ್ ಕೋವ್‌ಗೆ ತಂದು, ಅಲ್ಲಿಂದ 671 ಮೀಟರ್ ಎತ್ತರದ ವಿಲ್ಮಟ್ ಪಾಸ್ ಎಂಬ ಘಾಟಿ ಹತ್ತಿಸಿ ಈಚೆಗೆ ಇಳಿಸಿದರಂತೆ. ಪ್ರತಿ ಸೆಂಟಿಮೀಟರಿಗೆ ಎರಡು ಡಾಲರ್ ಖರ್ಚಾಗಿತ್ತು ಎಂದ. ಕೆಲಸಗಾರರಿಗೆ ಇರಲು ಜಾಗ ಇಲ್ಲದೆ ವಾಂಗನೆಲ್ಲಾ ಎಂಬ ಹಳೆಯ ಪ್ರಯಾಣಿಕರ ಹಡಗನ್ನೇ ತಂದು ಡೀಪ್ ಕೋವ್‌ನಲ್ಲಿ ಕಟ್ಟಿ ಹಾಸ್ಟೆಲ್ ಮಾಡಿದ್ದರು, 1963ರಿಂದ 1970ರ ತನಕ. ವಾರಗಟ್ಟಲೆ ಬಿಡದ ಮಳೆ, ಹೊರಗೆ ಬಂದರೆ ಕಚ್ಚುವ ನೊಣ, ಸುತ್ತ ಬೆಟ್ಟ, ರಾತ್ರಿ ಮಲಗುವುದು ಹಡಗಿನಲ್ಲಿ. ಅದನ್ನು ಕೇಳಿ ಅಪ್ಪ ಸೀಟಿನಲ್ಲಿ ನೆಟ್ಟಗೆ ಕೂತರು.

ಪಾಸಿನ ಹತ್ತಿರ ಬಸ್ ನಿಂತಾಗ ಅಪ್ಪ ಡ್ರೈವರ್ ಹತ್ತಿರ ಹೋಗಿ ತಮ್ಮ ಇಂಗ್ಲಿಷಿನಲ್ಲಿ ಕೇಳಿದ್ದು ಒಂದೇ. ಕಟ್ಟುವಾಗ ಎಷ್ಟು ಜನ ಸತ್ತರು? ಅವನು ಒಂದು ಕ್ಷಣ ನೋಡಿ ‘ಹದಿನಾರು’ ಎಂದ. ಮೈಕಿನಲ್ಲಿ ಅಲ್ಲ, ಹಾಗೇ. ಆಮೇಲೆ ಇಬ್ಬರೂ ಮಳೆಯಲ್ಲಿ ನಿಂತುಕೊಂಡು ಏನೇನೋ ಮಾತಾಡಿದರು. ನಾನು ಕೇಳಿಸಿಕೊಂಡದ್ದು ಇಷ್ಟು. ಮೊದಲು ಕೊರೆದ ಸುರಂಗದ ಗೋಡೆ ಒರಟಾಗಿ, ಲೆಕ್ಕ ಹಾಕಿದ್ದಕ್ಕಿಂತ ಜಾಸ್ತಿ ಘರ್ಷಣೆ ಆಗಿ, ನೀರು ಸರಾಗವಾಗಿ ಹೊರಗೆ ಹೋಗದೆ, ಯಂತ್ರಗಳು ಪೂರ್ತಿ ಶಕ್ತಿಯಲ್ಲಿ ಓಡಲೇ ಇಲ್ಲವಂತೆ. ಅದಕ್ಕೇ ಪಕ್ಕದಲ್ಲಿ ಎರಡನೇ ಸುರಂಗ ಕೊರೆದು 2002ರಲ್ಲಿ ಮುಗಿಸಿದರು. ವಾಪಸ್ ಬಂದು ಕೂತು ಅಪ್ಪ ನನಗೆ ವಿವರಿಸಿದ್ದು ಹೀಗೆ: ‘ನುಂಗೋಕೆ ಬಾಯಿ ದೊಡ್ಡದಿದ್ದು, ಹೊರಗೆ ಹೋಗೋ ದಾರಿ ಸರಿ ಇಲ್ಲದಿದ್ರೆ ಏನಾಗುತ್ತೆ? ಅದೇ ಕಣೇ.’ ಪಕ್ಕದ ಸೀಟಿನವರಿಗೆ ಕನ್ನಡ ಬರದೇ ಇದ್ದದ್ದು ಒಳ್ಳೆಯದಾಯಿತು.

ಇನ್ನೊಂದು ಸಂಗತಿಯನ್ನೂ ಡ್ರೈವರೇ ಹೇಳಿದ್ದು. ಮೊದಲ ಯೋಜನೆಯ ಪ್ರಕಾರ ಮನಪೌರಿ ಸರೋವರದ ನೀರಿನ ಮಟ್ಟವನ್ನು ಮೂವತ್ತು ಮೀಟರಿನಷ್ಟು ಏರಿಸಬೇಕಿತ್ತು. ದಂಡೆಯ ಕಾಡು, ದ್ವೀಪ ಎಲ್ಲ ಮುಳುಗುತ್ತಿದ್ದವು. ಜನ ಎದ್ದು ನಿಂತರು, 1970ರಲ್ಲಿ 2,64,907 ಸಹಿ ಇರುವ ಮನವಿ ಪಾರ್ಲಿಮೆಂಟಿಗೆ ಹೋಯಿತು. ಆಗ ಇಡೀ ದೇಶದಲ್ಲಿ ಮೂವತ್ತು ಲಕ್ಷವೂ ಜನ ಇರಲಿಲ್ಲ. 1972ರ ಚುನಾವಣೆಯಲ್ಲಿ ಅದು ದೊಡ್ಡ ವಿಷಯವಾಗಿ, ಸರ್ಕಾರವೇ ಬದಲಾಯಿತು, ಸರೋವರ ಇದ್ದ ಹಾಗೇ ಉಳಿಯಿತು. ಕರೆಂಟೂ ಬಂತು, ಕಾಡೂ ಉಳಿಯಿತು. ಆ ಕರೆಂಟಿನ ಬಹುಪಾಲು ಹೋಗುವುದು ದಕ್ಷಿಣ ತುದಿಯ ಬ್ಲಫ್ ಹತ್ತಿರದ ಟಿವಾಯ್ ಪಾಯಿಂಟ್ ಅಲ್ಯುಮಿನಿಯಂ ಕಾರ್ಖಾನೆಗೆ. ಮುಳುಗಡೆ ಎಂದರೆ ಏನು ಎಂದು ಅಪ್ಪನಿಗೆ ಯಾರೂ ಹೇಳಿಕೊಡಬೇಕಿಲ್ಲ. ಅವರು ಕಿಟಕಿ ಕಡೆ ನೋಡುತ್ತಾ ಏನೂ ಹೇಳಲಿಲ್ಲ.

ಪಾಸಿನಲ್ಲಿ ಇಳಿದಾಗ ಮಾಡಿದ ತಪ್ಪು ಒಂದು, ಕಾಲುಚೀಲ ಗಿಡ್ಡ ಇತ್ತು. ಇಲ್ಲಿನ ಸ್ಯಾಂಡ್‌ಫ್ಲೈ ಬಗ್ಗೆ ಎಲ್ಲರೂ ಎಚ್ಚರಿಸುತ್ತಾರೆ, ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಸೊಳ್ಳೆಯ ಅರ್ಧ ಇಲ್ಲ, ಕಪ್ಪು ಚುಕ್ಕೆ. ಸದ್ದೇ ಮಾಡುವುದಿಲ್ಲ. ಕಣಕಾಲಿನ ಮೇಲೆ ಎಳ್ಳು ಬಿದ್ದ ಹಾಗೆ ಕಾಣುತ್ತದೆ, ಒರೆಸಿದರೆ ರಕ್ತ. ಆಗ ನೋವಿಲ್ಲ, ರಾತ್ರಿ ಶುರುವಾಗುವ ತುರಿಕೆ ಒಂದು ವಾರ ಬಿಡುವುದಿಲ್ಲ. ಕಚ್ಚುವುದು ಹೆಣ್ಣು ಮಾತ್ರ. ಇದಕ್ಕೆ ಇಲ್ಲಿನ ಮೂಲನಿವಾಸಿಗಳಾದ ಮಾವೋರಿ ಜನರ ಒಂದು ಕಥೆ ಇದೆ. ಟು ಟೆ ರಾಕಿ ಫಾನೋವಾ ಎಂಬ ದೈವ ತನ್ನ ಬಾಚಿಯಿಂದ ಈ ಫಿಯೋರ್ಡುಗಳನ್ನು ಒಂದೊಂದಾಗಿ ಕಡಿದು ಮುಗಿಸಿದಾಗ, ಹಿನೆ ನುಯಿ ಟೆ ಪೋ ಎಂಬ ದೇವತೆ ಬಂದು ನೋಡಿದಳು. ಇಷ್ಟು ಚೆಂದ ಇದ್ದರೆ ಜನ ಇಲ್ಲೇ ಠಿಕಾಣಿ ಹೂಡುತ್ತಾರೆ ಎಂದು ಈ ನೊಣಗಳನ್ನು ಬಿಟ್ಟು ಹೋದಳಂತೆ. ಕೆಲಸ ಮಾಡುತ್ತಿದೆ. ನಾವು ಐದು ನಿಮಿಷದಲ್ಲಿ ಬಸ್ಸಿನೊಳಗೆ ಇದ್ದೆವು. ಉದ್ದನೆಯ ಕಾಲುಚೀಲ ಹಾಕಿ, ಪ್ಯಾಂಟನ್ನು ಅದರೊಳಗೆ ತುರುಕಿ, ನೋಡಲು ಹೇಗಿದ್ದರೂ ಪರವಾಗಿಲ್ಲ. ನಿಂತಲ್ಲಿ ನಿಲ್ಲಬೇಡಿ, ಓಡಾಡುತ್ತಿದ್ದರೆ ಕಡಿಮೆ ಮುತ್ತುತ್ತವೆ.

ಪಾಸಿನಿಂದ ಡೀಪ್ ಕೋವ್‌ಗೆ ಇಳಿಯುವ ದಾರಿ ಬಹಳ ಕಡಿದು, ಕೆಲವು ಕಡೆ ಐದಕ್ಕೆ ಒಂದರಷ್ಟು ಇಳಿಜಾರು. ಬಸ್ಸು ಮೊದಲನೇ ಗೇರಿನಲ್ಲಿ ನರಳಿಕೊಂಡು ಇಳಿಯಿತು. ಎರಡೂ ಕಡೆ ಬೀಚ್ (beech) ಎಂಬ ಜಾತಿಯ ಮರಗಳು, ಅವುಗಳ ಮೈಮೇಲೆಲ್ಲ ಪಾಚಿ, ಕೆಳಗೆ ಆಳೆತ್ತರದ ಜರೀಗಿಡ. ಆಗುಂಬೆಯ ಮಳೆಗಾಲ ನೋಡಿದವರಿಗೆ ಈ ಹಸಿರು ಹೊಸದಲ್ಲ, ಆದರೆ ಇಲ್ಲಿ ಜೊತೆಗೆ ಚಳಿ.

ಎರಡನೇ ಬೋಟ್ ದೊಡ್ಡದು. ಚಹಾ, ಕಾಫಿ ಎಷ್ಟು ಬೇಕಾದರೂ ಕುಡಿಯಬಹುದು. ಊಟದ ಡಬ್ಬಿಗೆ ಮೊದಲೇ ಆರ್ಡರ್ ಕೊಡಬೇಕು, ದುಡ್ಡು ಬೇರೆ. ನಾನು ವೆಜ್ ಎಂದು ಹೇಳಿದ್ದೆ, ವೆಜ್ಜೇ ಕೊಟ್ಟರು, ಆ ಮಟ್ಟಿಗೆ ಸರಿ. ಆದರೆ ಫ್ರಿಜ್ಜಿನಿಂದ ಆಗಷ್ಟೇ ಎದ್ದು ಬಂದ ತಣ್ಣಗಿನ ಸುರುಳಿ, ಒಳಗೆ ಸೊಪ್ಪು, ಒಂದು ಸೇಬು, ಒಂದು ಬಿಸ್ಕತ್ತು. ಹೊರಗೆ ಎಂಟು ಡಿಗ್ರಿ ಇರುವಾಗ ಅದನ್ನು ತಿನ್ನಲು ಧೈರ್ಯ ಬೇಕು. ಅಪ್ಪ ಅದನ್ನು ಮುಟ್ಟಲೇ ಇಲ್ಲ. ಅಮ್ಮ ಮೋಟೆಲ್ ಅಡುಗೆಮನೆಯಲ್ಲಿ ಬೆಳಿಗ್ಗೆ ಐದಕ್ಕೆ ಎದ್ದು ಮಾಡಿದ್ದ ಚಪಾತಿ, ಚಟ್ನಿಪುಡಿ ಇತ್ತು, ಬಿಸಿ ಚಹಾದ ಜೊತೆ ಅದೇ ಊಟ. ನೀವೂ ಏನಾದರೂ ಕಟ್ಟಿಕೊಂಡು ಹೋಗಿ. ದಾರಿಯಲ್ಲಿ ಅಂಗಡಿ ಎಂಬುದೇ ಇಲ್ಲ, ಫೋನಿಗೆ ಸಿಗ್ನಲ್ಲೂ ಇಲ್ಲ.

ಇನ್ನು ನೀರಿನ ವಿಷಯ. ಡೀಪ್ ಕೋವ್‌ನಿಂದ ಹೊರಡುತ್ತಿದ್ದಂತೆ ಸುರಂಗದ ನೀರು ಸಮುದ್ರಕ್ಕೆ ಬಂದು ಸೇರುವ ಜಾಗ ಸಿಗುತ್ತದೆ. ನೋಡಲು ಏನೂ ಇಲ್ಲ, ಸ್ವಲ್ಪ ಸೆಳೆತ, ಸ್ವಲ್ಪ ನೊರೆ. ಬೋಟಿನಲ್ಲಿ ಅದನ್ನು ನೋಡಲು ಎದ್ದು ಹೋದವರು ಅಪ್ಪ ಒಬ್ಬರೇ. ಕಂಬಿ ಹಿಡಿದು ಬಗ್ಗಿ, ಆ ನೊರೆ ಹಿಂದೆ ಸರಿಯುವ ತನಕ ನೋಡುತ್ತಿದ್ದರು. ಒಳಗೆ ಬಿಡದಿದ್ದರೇನು, ಹೊರಗೆ ಬಂದದ್ದನ್ನಾದರೂ ನೋಡಿದೆ ಅನ್ನುವ ಹಾಗೆ.

ನೀರು ಚಹಾ ಕಷಾಯದ ಬಣ್ಣ. ಕೊಳಕಲ್ಲ. ಮಳೆ ನೀರು ಕಾಡಿನ ಎಲೆಗೊಬ್ಬರದ ಮೂಲಕ ಇಳಿದು ಬರುವಾಗ ಅದರ ಒಗರನ್ನೆಲ್ಲ ಹೊತ್ತು ತರುತ್ತದೆ. ಸಿಹಿ ನೀರು ಹಗುರ, ಉಪ್ಪು ನೀರು ಭಾರ, ಹಾಗಾಗಿ ಸಿಹಿ ನೀರು ಸಮುದ್ರದ ಮೇಲೆ ಕೆಲವು ಮೀಟರ್ ದಪ್ಪದ ಪದರವಾಗಿ ತೇಲುತ್ತಿರುತ್ತದೆ. ಆ ಕಂದು ಪದರ ಬಿಸಿಲನ್ನು ಕೆಳಗೆ ಬಿಡುವುದಿಲ್ಲ. ಕೆಳಗೆ ಕತ್ತಲು. ಆದ್ದರಿಂದ ಬೇರೆ ಕಡೆ ತೀರಾ ಆಳದಲ್ಲಿ ಮಾತ್ರ ಬದುಕುವ ಕಪ್ಪು ಹವಳ ಇಲ್ಲಿ ಹತ್ತೇ ಮೀಟರ್ ಕೆಳಗೆ ಬೆಳೆಯುತ್ತದೆ. ಹೆಸರು ಕಪ್ಪು ಹವಳ, ಜೀವ ಇದ್ದಾಗ ಬಿಳಿ! ಈ ಊರಿನಲ್ಲಿ ಯಾವುದಕ್ಕೂ ಸರಿಯಾದ ಹೆಸರು ಇಟ್ಟಿಲ್ಲ ಎಂದು ನಾನು ಅಷ್ಟೊತ್ತಿಗೆ ತೀರ್ಮಾನಕ್ಕೆ ಬಂದಿದ್ದೆ.

ಗೋಡೆಯ ಹಾಗೆ ನೆಟ್ಟಗೆ ನಿಂತ ಬಂಡೆಗಳ ಮೇಲೆ ಕಾಡು ಹೇಗೆ ನಿಂತಿದೆ ಎನ್ನುವುದು ಇನ್ನೊಂದು ವಿಚಿತ್ರ. ಮಣ್ಣೇ ಇಲ್ಲ. ಕಲ್ಲಿನ ಮೇಲೆ ಪಾಚಿ, ಪಾಚಿಯ ಮೇಲೆ ಪೊದೆ, ಅದರ ಬೇರಿಗೆ ಮರದ ಬೇರು, ಒಂದರ ಕೈ ಒಂದು ಹಿಡಿದು ನಿಂತಿವೆ. ಜೋರು ಮಳೆಯಲ್ಲಿ ಮೇಲಿನ ಒಂದು ಮರ ಜಾರಿದರೆ ಕೆಳಗಿನವನ್ನೆಲ್ಲ ಎಳೆದುಕೊಂಡು ನೀರಿಗೆ ಬೀಳುತ್ತದೆ. ಹಾಗೆ ಬಿದ್ದ ಜಾಗಗಳು ಬೆಟ್ಟದ ಮೇಲೆ ಬೋಳು ಪಟ್ಟಿಗಳಾಗಿ ಕಾಣುತ್ತವೆ. ಕೆಲವು ಹೊಸವು, ಬರೀ ಕಲ್ಲು. ಕೆಲವದರಲ್ಲಿ ಪಾಚಿ ಬಂದಿದೆ. ಕೆಲವದರಲ್ಲಿ ಸಣ್ಣ ಗಿಡ. ಒಂದೇ ಬೆಟ್ಟದಲ್ಲಿ ಬೇರೆ ಬೇರೆ ವಯಸ್ಸಿನ ಕಾಡು.

ಮಿಲ್ಫರ್ಡ್ ಸುಮಾರು 15 ಕಿಲೋಮೀಟರ್ ಉದ್ದ, ಇದು 40. ಮಿಲ್ಫರ್ಡ್‌ನಲ್ಲಿ ಮೈಟರ್ ಪೀಕ್ ಎಂಬ ಒಂದು ಶಿಖರ ನೀರಿನಿಂದ ನೇರ ಎದ್ದು ನಿಂತಿದೆ, ಎಲ್ಲರೂ ಅದನ್ನೇ ನೋಡುತ್ತಾರೆ, ಕಣ್ಣಿಗೆ ಕೆಲಸ ಸುಲಭ. ಇಲ್ಲಿ ಹಾಗೆ ‘ಇದೇ’ ಎಂದು ಬೆರಳು ತೋರಿಸುವಂಥದ್ದು ಇಲ್ಲ. ಒಂದು ಬೆಟ್ಟದ ಹಿಂದೆ ಇನ್ನೊಂದು, ಅದರ ಹಿಂದೆ ಇನ್ನೊಂದು, ಹಿಂದೆ ಹೋದ ಹಾಗೆ ಬಣ್ಣ ತೆಳುವಾಗುತ್ತಾ ಕೊನೆಗೆ ಮೋಡವೋ ಬೆಟ್ಟವೋ ಗೊತ್ತಾಗುವುದಿಲ್ಲ. ಮೊದಲ ಅರ್ಧ ಗಂಟೆ ನಾನು ಫೋಟೋ ತೆಗೆದೂ ತೆಗೆದೂ ಸಾಕಾಗಿ ಫೋನನ್ನು ಜೇಬಿಗೆ ಹಾಕಿದೆ. ಆಮೇಲೆಯೇ ಸರಿಯಾಗಿ ಕಾಣಲು ಶುರುವಾದದ್ದು. ಮಳೆ ಜೋರಾದ ಹತ್ತು ನಿಮಿಷಕ್ಕೆ, ಇಲ್ಲದ ಕಡೆಯೆಲ್ಲ ಬಿಳಿ ಗೆರೆಗಳು ಹುಟ್ಟಿಕೊಂಡವು. ಎಣಿಸುವ ಪ್ರಯತ್ನ ಮಾಡಿ ನಲವತ್ತಕ್ಕೆ ಬಿಟ್ಟೆ. ಮಳೆ ನಿಂತ ಮೇಲೆ ಅವುಗಳಲ್ಲಿ ಅರ್ಧಕ್ಕರ್ಧ ಕಣ್ಣೆದುರೇ ಸಣ್ಣಗಾಗಿ ಮಾಯವಾದವು.

ಹೊರ ಸಮುದ್ರದ ಕಡೆ ಹೋಗುವಾಗ ಹೆಸರುಗಳು ಇದ್ದಕ್ಕಿದ್ದಂತೆ ಸ್ಪ್ಯಾನಿಷ್ ಆಗಿಬಿಡುತ್ತವೆ. ಮಲಸ್ಪಿನಾ ರೀಚ್, ಬೌಜಾ ದ್ವೀಪ, ಪೆಂಡುಲೋ ರೀಚ್. 1793ರ ಫೆಬ್ರವರಿಯಲ್ಲಿ ಮಲಸ್ಪಿನಾ ಎಂಬಾತನ ಸ್ಪೇನಿನ ಹಡಗುಗಳು ಇಲ್ಲಿಗೆ ಬಂದಿದ್ದವು, ಪೆಂಡುಲಮ್ ತೂಗಿ ಗುರುತ್ವ ಅಳೆಯಲು ಜಾಗ ಹುಡುಕಿಕೊಂಡು. ಹಡಗು ಹೊರಗೇ ನಿಂತಿತು, ಬೌಜಾ ಎಂಬ ನಕ್ಷೆಗಾರ ಸಣ್ಣ ದೋಣಿಯಲ್ಲಿ ಒಳಗೆ ಬಂದು ನಕ್ಷೆ ಬರೆದುಕೊಂಡು ಹೋದ. ಕುಕ್ ಅನುಮಾನಪಟ್ಟು ಬಿಟ್ಟುಹೋದ ಜಾಗಕ್ಕೆ ಇವನು ಹುಟ್ಟು ಹಾಕಿಕೊಂಡು ಬಂದ.

ಬಾಯಿಯ ಹತ್ತಿರ ನೀ ಐಲೆಟ್ಸ್ ಎಂಬ ಬಂಡೆಗಳಿವೆ, ಅವುಗಳ ಮೇಲೆ ಫರ್ ಸೀಲ್‌ಗಳು. ದೂರದಿಂದ ನೋಡಿದರೆ ಕಲ್ಲಿನ ಮೇಲೆ ಒದ್ದೆ ಚೀಲ ಎಸೆದ ಹಾಗೆ, ಒಂದು ಚೀಲ ಎದ್ದು ಇನ್ನೊಂದನ್ನು ಕಚ್ಚಲು ಹೋದಾಗ ಪ್ರಾಣಿ ಎಂದು ಗೊತ್ತಾಗುತ್ತದೆ. ಇಲ್ಲಿ ಟಾಸ್ಮನ್ ಸಮುದ್ರದ ಅಲೆ ನೇರವಾಗಿ ಸಿಗುತ್ತದೆ. ಬೋಟು ಎದ್ದು ಬೀಳತೊಡಗಿದಾಗ ಒಳಗೆ ಸುಮಾರು ಜನ ಕಾಗದದ ಚೀಲ ಹಿಡಿದರು. ಅಮ್ಮ ಬರದಿದ್ದದ್ದೇ ಒಳ್ಳೆಯದಾಯಿತು. ವಾಂತಿ ಬರುವವರು ಮಾತ್ರೆಯನ್ನು ಬಸ್ ಇಳಿಯುವ ಮೊದಲೇ ತೆಗೆದುಕೊಳ್ಳಿ, ಅಲೆ ಶುರುವಾದ ಮೇಲೆ ಉಪಯೋಗವಿಲ್ಲ. ಕಂಪನಿಯವರು ಈ ಹದಿನೈದು ನಿಮಿಷದ ಬಗ್ಗೆ ಮೊದಲೇ ಒಂದು ಮಾತು ಹೇಳಬೇಕಿತ್ತು, ಹೇಳಲಿಲ್ಲ.

ಡಾಲ್ಫಿನ್ ಸಿಗಲಿಲ್ಲ. ಇಲ್ಲೇ ನೆಲೆಸಿರುವ ಬಾಟಲ್‌ನೋಸ್ ಡಾಲ್ಫಿನ್‌ಗಳ ಒಂದು ಗುಂಪು ಇದೆ, ಸುಮಾರು ಅರವತ್ತು, ಆ ಜಾತಿಯವು ದಕ್ಷಿಣದ ಕಡೆ ಇಷ್ಟು ದೂರದಲ್ಲಿ ಇರುವುದೇ ಅಪರೂಪ. ಆದರೆ ಬೋಟಿನವರು ಅವುಗಳನ್ನು ಹುಡುಕಿಕೊಂಡು, ಅಟ್ಟಿಸಿಕೊಂಡು ಹೋಗುವುದಿಲ್ಲ. ದಂಡೆಯ ಹತ್ತಿರ ಅವು ವಿಶ್ರಾಂತಿ ಪಡೆಯುವ ಕೆಲವು ಜಾಗಗಳಿಗೆ ಬೋಟು ಹೋಗಬಾರದೆಂದು ಮಾಡಿಕೊಂಡಿದ್ದಾರೆ. ತಾವಾಗಿ ಬಂದರೆ ಬಂತು. ಒಬ್ಬ ಯಜಮಾನರು ‘ಇಷ್ಟು ದುಡ್ಡು ಕೊಟ್ಟು ಡಾಲ್ಫಿನ್ ಇಲ್ವಾ’ ಎಂಬ ಅರ್ಥದಲ್ಲಿ ಗೈಡ್ ಹತ್ತಿರ ಜಗಳ ತೆಗೆದರು. ಹುಡುಗಿ ನಗುನಗುತ್ತಲೇ ಒಂದಿಂಚೂ ಬಗ್ಗಲಿಲ್ಲ. ಬೆಳಿಗ್ಗೆ ಅವಳಿಗೆ ಕಡಿಮೆ ಮಾಡಿದ್ದ ಸ್ಟಾರ್ ಅಲ್ಲಿ ವಾಪಸ್ ಕೊಟ್ಟೆ.

ಈಗ ಮುಖ್ಯ ವಿಷಯ. ವಾಪಸ್ ಬರುವಾಗ ಬೋಟು ಹಾಲ್ ಆರ್ಮ್ ಎಂಬ ಕವಲಿನೊಳಗೆ ತಿರುಗಿತು. ಅಲ್ಲಿ ಗಾಳಿ ಇಲ್ಲ, ಅಲೆ ಇಲ್ಲ, ನೀರು ಎಣ್ಣೆ ಹೊಯ್ದ ಹಾಗೆ. ಎಲ್ಲರೂ ಹೊರಗೆ ಬನ್ನಿ, ಮಾತಾಡಬೇಡಿ, ಓಡಾಡಬೇಡಿ, ಫೋಟೋ ಬೇಡ, ಎಂಜಿನ್ ಆರಿಸುತ್ತೇವೆ ಎಂದರು. ಇಂಥದ್ದರಲ್ಲಿ ನನಗೆ ನಂಬಿಕೆ ಕಡಿಮೆ. ಟಿಕೆಟ್ ಮಾರಲು ಒಂದು ನಾಟಕ ಇರಬೇಕು ಅಂದುಕೊಂಡೆ. ಮೊದಲು ದೊಡ್ಡ ಎಂಜಿನ್ ನಿಂತಿತು. ಆಮೇಲೆ ಇನ್ನೊಂದು ಸಣ್ಣ ಗುಂಯ್ ಸದ್ದು ಇತ್ತು, ಅದು ಇತ್ತೆಂದೇ ಅಲ್ಲಿಯ ತನಕ ಗೊತ್ತಿರಲಿಲ್ಲ, ಅದೂ ನಿಂತಿತು. ಮೊದಲ ಒಂದು ನಿಮಿಷ ಮನುಷ್ಯರ ಸದ್ದು. ಜಾಕೆಟ್ಟಿನ ಜಿಪ್ಪು, ಯಾರದೋ ಕೆಮ್ಮು, ಒಂದು ಮಗುವಿನ ಕೈಯಲ್ಲಿ ಚಿಪ್ಸ್ ಪೊಟ್ಟಣ, ಅದರ ಅಮ್ಮ ಆ ಪೊಟ್ಟಣವನ್ನು ಮೆಲ್ಲಗೆ ಕಿತ್ತುಕೊಂಡ ಸದ್ದು. ಆಮೇಲೆ ಅದೂ ಇಲ್ಲ. ಎಲ್ಲೋ ಬಹಳ ದೂರದಲ್ಲಿ ನೀರು ಬೀಳುವುದು ಕೇಳಿಸಿತು, ಯಾವ ಕಡೆಯಿಂದ ಎಂದು ಹೇಳಲು ಆಗಲಿಲ್ಲ. ಒಂದು ಹಕ್ಕಿ ಎರಡು ಸಲ ಕೂಗಿ ನಿಲ್ಲಿಸಿತು. ಬೋಟಿನ ಅಂಚಿನಿಂದ ಮಳೆಹನಿ ಕೆಳಗಿನ ನೀರಿಗೆ ಬೀಳುವ ಟಪ್ ಟಪ್ ಕೂಡ ಕೇಳಿಸುತ್ತಿತ್ತು.

ಐದು ನಿಮಿಷ ಇರಬಹುದು. ಎಂಜಿನ್ ಮತ್ತೆ ಶುರುವಾದಾಗ ಸುಮಾರು ಜನ ಬೆಚ್ಚಿಬಿದ್ದರು, ನಾನೂ. ಅಪ್ಪ ನನ್ನ ಕಡೆ ತಿರುಗಿ ಹೇಳಿದರು: ‘ರಾತ್ರಿ ಪಾಳಿಯಲ್ಲಿ ಮೆಷಿನ್ ಟ್ರಿಪ್ ಆದ್ರೆ ಹೀಗೇ ಆಗೋದು. ದೀಪ ಹೋಗಿದ್ದಲ್ಲ, ಮೊದಲು ಗೊತ್ತಾಗೋದು ಕಿವಿಗೆ. ಮೂವತ್ತು ವರ್ಷ ಈ ಸದ್ದಿಲ್ಲದ ಸದ್ದು ಕೇಳಿದ್ರೆ ಎದೆ ಧಸಕ್ ಅಂತಿತ್ತು. ಇವತ್ತೇ ಮೊದಲು, ಓಡಬೇಕು ಅಂತ ಅನ್ನಿಸಲಿಲ್ಲ ನೋಡು.’

ಇದಕ್ಕೆ ಎಷ್ಟು ಸ್ಟಾರ್ ಕೊಡುವುದು ಎಂದು ನನಗೆ ಗೊತ್ತಿಲ್ಲ. ಒಟ್ಟು ನಾಲ್ಕು ಎಂದು ಹಾಕಿದ್ದೇನೆ. ಒಂದು ಕಳೆದದ್ದು ರಾತ್ರಿಯ ಇಮೇಲ್, ಆವಿ ಕಟ್ಟಿದ ಕಿಟಕಿ ಮತ್ತು ಆ ಸುರುಳಿಗೆ. ಸಣ್ಣ ಮಕ್ಕಳಿದ್ದರೆ, ಅಥವಾ ಒಂದು ಒಳ್ಳೆಯ ಫೋಟೋ ಬೇಕೇ ಬೇಕು ಎಂದಿದ್ದರೆ ಮಿಲ್ಫರ್ಡ್‌ಗೆ ಹೋಗಿ, ಬೇಗ ಮುಗಿಯುತ್ತದೆ, ದುಡ್ಡೂ ಕಡಿಮೆ. ಸುಮ್ನೆ ಕೂತು ನೋಡುವ ತಾಳ್ಮೆ ಇರುವವರಿಗೆ ಇದು. ಮಳೆ ಜಾಕೆಟ್ ಮಾತ್ರ ಒಳ್ಳೆಯದು ಇರಲಿ, ಛತ್ರಿ ಅಲ್ಲಿನ ಗಾಳಿಗೆ ನಿಲ್ಲುವುದಿಲ್ಲ.

ಸಂಜೆ ಮೋಟೆಲ್‌ಗೆ ವಾಪಸ್ ಬಂದಾಗ ಇನ್ನೊಂದು ಗೊತ್ತಾಯಿತು. ಫೋಟೋ ಬೇಡ ಎಂದಿದ್ದರಲ್ಲ, ಅಪ್ಪ ಅದಕ್ಕೂ ಮೊದಲೇ ವಿಡಿಯೋ ಒತ್ತಿ, ನಿಲ್ಲಿಸುವುದು ಮರೆತು, ಫೋನನ್ನು ಎದೆಗೆ ಆನಿಸಿಕೊಂಡು ನಿಂತಿದ್ದರು. ಐದು ನಿಮಿಷವೂ ರೆಕಾರ್ಡ್ ಆಗಿದೆ. ಚಿತ್ರದಲ್ಲಿ ಬರೀ ಕಂಬಿ, ಅದರಾಚೆ ಒಂದಿಷ್ಟು ಕಪ್ಪು ನೀರು. ಅದನ್ನೇ ಅಮ್ಮನಿಗೆ ತೋರಿಸಲು ಕೊಟ್ಟರು. ಅಮ್ಮ ಕನ್ನಡಕ ಹಾಕಿಕೊಂಡು ಸ್ವಲ್ಪ ಹೊತ್ತು ನೋಡಿದಳು, ವಾಲ್ಯೂಮ್ ಒತ್ತಿದಳು, ಮತ್ತೆ ಒತ್ತಿದಳು, ಕಿವಿಗೆ ಹಿಡಿದಳು.

‘ರೀ, ಇದರಲ್ಲಿ ಸೌಂಡೇ ಬರ್ತಿಲ್ಲ. ಮತ್ತೆ ಏನೋ ಒತ್ತಿ ಹಾಳು ಮಾಡಿದ್ದೀರ ನೋಡಿ.’